ಹುಣಸೆಮರದ ಇನಿಷಿಯಲ್ಲು

ನಮ್ಮೂರ ಸರ್ಕಾರಿ ಶಾಲೆಯ ಈಗಿನ ಹೆಡ್ ಮೇಷ್ಟ್ರು ನನ್ನ ಹಳೇ ವಿದ್ಯಾರ್ಥಿ. ಶಾಲೆ ಶುರುವಾದ ಎರಡನೇ ವಾರ ಫೋನ್ ಮಾಡಿದ. "ಮಿಸ್, ಕಾಂಪೌಂಡಿನ ಮರಗಳಿಗೆಲ್ಲ ಹೆಸರಿನ ಬೋರ್ಡು ಹಾಕಿಸ್ತಾ ಇದೀವಿ. ವೈಜ್ಞಾನಿಕ ಹೆಸರು ತಪ್ಪಾಗಬಾರದು. ನೀವೇ ಬಂದು ಬರ್ಕೊಡಬೇಕು" ಅಂದ. ನಿವೃತ್ತಳಾದ ಮೇಲೆ ನನ್ನನ್ನು ಯಾರಾದರೂ ಶಾಲೆಗೆ ಕರೆದರೆ ನಾನು ಎರಡನೇ ಮಾತಾಡುವವಳಲ್ಲ. ಮಾರನೇ ದಿನವೇ ತುಮಕೂರಿನಿಂದ ಗುಬ್ಬಿ ಕಡೆಯ ಬಸ್ಸು ಹತ್ತಿದೆ.

ಹಸಿರು ಬಳಿದ ಹನ್ನೊಂದು ತಗಡು, ಒಂದು ಡಬ್ಬಿ ಬಿಳಿ ಪೇಂಟು, ಎರಡು ಸಣ್ಣ ಬ್ರಷ್ಷು ತಂದಿಟ್ಟಿದ್ದರು. ಏಳನೇ ಕ್ಲಾಸಿನ ಮಕ್ಕಳು ಸುತ್ತ ಕೂತರು. ಮೊದಲು ಹುಣಸೆ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ 'ಹುಣಸೆ', ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಟ್ಯಾಮರಿಂಡಸ್ ಇಂಡಿಕ, ಕೊನೆಗೆ ಒಂದು 'ಎಲ್', ಅದಕ್ಕೊಂದು ಚುಕ್ಕಿ. ಆಮೇಲೆ ಮಾವು, ಮ್ಯಾಂಜಿಫೆರ ಇಂಡಿಕ, ಎಲ್. ತೆಂಗು, ಕೋಕಸ್ ನ್ಯೂಸಿಫೆರ, ಎಲ್. ಅರಳಿಗೂ ಎಲ್, ಸೀಬೆಗೂ ಎಲ್, ಬೆಟ್ಟದ ನೆಲ್ಲಿಗೂ ಎಲ್. ಹೊಂಗೆ, ನೇರಳೆ, ಕರಿಬೇವಿನಲ್ಲಿ ಆ ಎಲ್ ಕಂಸದೊಳಗೆ. ಬೇವಿಗೆ, ಹಲಸಿಗೆ ಮಾತ್ರ ಇಲ್ಲ.

ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ ಬಹಳ ಹೊತ್ತು ನೋಡಿ ಕೇಳಿದಳು: "ಮಿಸ್, ಎಲ್ಲಾ ಮರಕ್ಕೂ ಒಂದೇ ಇನಿಷಿಯಲ್ಲಾ? ಅವರಪ್ಪನ ಹೆಸರಾ?"

31 ವರ್ಷ ಪಾಠ ಮಾಡಿದ್ದೇನೆ, ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬ್ರಷ್ ಕೆಳಗಿಟ್ಟು ಕತೆ ಹೇಳಲು ಕೂತೆ. ಅವತ್ತು ಹೇಳಿದ್ದು, ಹೇಳಲು ಸಮಯ ಸಾಲದೆ ಉಳಿದದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ಎಲ್ ಅಂದರೆ ಲಿನೇಯಸ್, ಗಿಡಕ್ಕೆ ಆ ಹೆಸರಿಟ್ಟವನ ಗುರುತು. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್, ಹುಟ್ಟಿದ್ದು 1707ರಲ್ಲಿ. ಆ ಹುಡುಗಿ ಕೇಳಿದ ಅಪ್ಪನ ಹೆಸರಿಗೂ ಇದಕ್ಕೂ ನಿಜವಾಗಿಯೂ ನಂಟಿದೆ. ಅವನ ಅಪ್ಪನ ಕಾಲಕ್ಕೆ ಆ ಮನೆತನಕ್ಕೆ ಕುಲನಾಮವೇ ಇರಲಿಲ್ಲ. ತಂದೆಯ ಹೆಸರಿನ ಮುಂದೆ 'ಮಗ' ಅಂತ ಸೇರಿಸಿಕೊಂಡರೆ ಮುಗಿಯಿತು. ಅಪ್ಪ ವಿಶ್ವವಿದ್ಯಾಲಯಕ್ಕೆ ಸೇರುವಾಗ ಒಂದು ಮನೆಹೆಸರು ಬೇಕಾಯಿತು. ಅವರ ಹೊಲದಲ್ಲಿ ಭಾರೀ ದೊಡ್ಡ ಲಿಂಡ್ ಮರವೊಂದಿತ್ತು. ಅದರ ಹೆಸರನ್ನೇ ಲ್ಯಾಟಿನ್‌ಗೆ ಹೊಂದಿಸಿ ಲಿನೇಯಸ್ ಎಂದಿಟ್ಟುಕೊಂಡ. ನಮ್ಮೂರಲ್ಲಿ 'ಆಲದಮರದ ಮನೆಯವರು' ಅಂತ ಒಂದು ಕುಟುಂಬವಿದೆ, ಹಾಗೆಯೇ. ಆ ಮನೆಯ ಮಗ ಮುಂದೆ ಲೋಕದ ಮರಗಳಿಗೆಲ್ಲ ಹೆಸರಿಟ್ಟ. ನಮ್ಮ ಹುಣಸೆಯ ಕೊನೆಯಲ್ಲಿರುವ ಇನಿಷಿಯಲ್ಲು ಇನ್ನೊಂದು ಮರದ ಹೆಸರು. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳಿದ್ದನ್ನು ನೋಡಬೇಕಿತ್ತು.

ಲಿನೇಯಸ್ ಓದಿದ್ದು ಉಪ್ಸಾಲದಲ್ಲಿ. ಸ್ವೀಡನ್ನಿನ ಆ ಊರಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಅಂದರೆ ಇಲ್ಲಿ ವಿಜಯನಗರದವರು ಆಳುತ್ತಿದ್ದ ಕಾಲ. ಸ್ವೀಡನ್, ಡೆನ್ಮಾರ್ಕ್, ನಾರ್ವೆಯಂಥ ಉತ್ತರದ ದೇಶಗಳಲ್ಲೆಲ್ಲ ಅದಕ್ಕಿಂತ ಹಳೆಯ ವಿಶ್ವವಿದ್ಯಾಲಯ ಇನ್ನೊಂದಿಲ್ಲ. ನಾನು ಆ ಊರು ನೋಡಿಲ್ಲ. ಆದರೆ ಮೂರು ದಶಕ ಪಾಠ ಮಾಡಿದ ವಿಜ್ಞಾನದ ಪುಸ್ತಕದಲ್ಲಿ ಆ ಒಂದೇ ಕಾಲೇಜಿನ ಹುಡುಗರು ಪುಟಪುಟಕ್ಕೂ ಎದುರಾಗುತ್ತಿದ್ದರು. ಹೀಗಾಗಿ ಅದು ನನಗೆ ಪರಿಚಯದ ಊರಿನ ಹಾಗೆಯೇ ಆಗಿಬಿಟ್ಟಿದೆ.

ಲಿನೇಯಸ್ 1728ರಲ್ಲಿ ಉಪ್ಸಾಲಕ್ಕೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಸವೆದ ಬೂಟಿನೊಳಗೆ ಕಾಗದ ಮಡಿಸಿ ಇಟ್ಟುಕೊಂಡು ಓಡಾಡುತ್ತಿದ್ದನಂತೆ. ಮಾರನೇ ವರ್ಷ ಒಂದು ದಿನ ವಿಶ್ವವಿದ್ಯಾಲಯದ ಪಾಳುಬಿದ್ದ ತೋಟದಲ್ಲಿ ಗಿಡ ನೋಡುತ್ತಾ ಕೂತಿದ್ದಾಗ ಒಬ್ಬ ಹಿರಿಯರು ಬಂದು ಮಾತಾಡಿಸಿದರು. ಅವರ ಹೆಸರು ಓಲೋಫ್ ಸೆಲ್ಸಿಯಸ್, ಧರ್ಮಶಾಸ್ತ್ರದ ಪ್ರಾಧ್ಯಾಪಕರು. ಬೈಬಲ್ಲಿನಲ್ಲಿ ಬರುವ ಗಿಡಮರಗಳ ಬಗ್ಗೆ ಪುಸ್ತಕ ಬರೆಯುವ ಕೆಲಸದಲ್ಲಿದ್ದರು. ಈ ಗಿಡ ಯಾವುದು, ಆ ಗಿಡ ಯಾವುದು ಅಂತ ಕೇಳಿದ್ದಕ್ಕೆಲ್ಲ ಹುಡುಗ ಪಟಪಟನೆ ಹೇಳಿದ. ಹಿರಿಯರು ಅವನನ್ನು ಮನೆಗೆ ಕರೆದುಕೊಂಡು ಹೋದರು. ಇರಲು ಕೋಣೆ ಕೊಟ್ಟರು, ಊಟ ಹಾಕಿದರು, ತಮ್ಮ ಪುಸ್ತಕಗಳನ್ನು ಓದಲು ಬಿಟ್ಟರು.

ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ಅಪ್ಪ ನೆನಪಾಗುತ್ತಾರೆ. ಅಪ್ಪ ಓದಿದ್ದು ಸಿದ್ಧಗಂಗಾ ಮಠದಲ್ಲಿ, ನಲವತ್ತರ ದಶಕದಲ್ಲಿ. ಶಿವಕುಮಾರ ಸ್ವಾಮೀಜಿಯವರು 1941ರಲ್ಲಿ ಮಠದ ಹೊಣೆ ಹೊತ್ತು ಇನ್ನೂ ಕೆಲವೇ ವರ್ಷ. ಬರಗಾಲ, ಯುದ್ಧಕಾಲ, ಮಠದಲ್ಲೂ ದವಸಕ್ಕೆ ಕಷ್ಟ. ಆದರೂ ಬಂದ ಹುಡುಗನನ್ನು ವಾಪಸ್ ಕಳಿಸಲಿಲ್ಲ. ಅಜ್ಜ ಅಪ್ಪನನ್ನು ಬೆಟ್ಟದ ಬುಡದಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ನಡೆದುಬಿಟ್ಟರಂತೆ. ನೋಡಿದರೆ ಮಗ ಅಳುತ್ತಾನೆಂದು. ಅಪ್ಪ ಐದು ವರ್ಷ ದಾಸೋಹದ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡರು, ಹೈಸ್ಕೂಲು ಮುಗಿಸಿದರು, ಪ್ರೈಮರಿ ಶಾಲೆಯ ಮೇಷ್ಟ್ರಾದರು. ಮಠದ ಒಲೆ ಆರಿದ್ದೇ ಇಲ್ಲ ಅನ್ನುವುದು ನಮ್ಮ ಕಡೆಯ ಮಾತು. ಅಪ್ಪ ಬದುಕಿರುವವರೆಗೆ ಪ್ರತಿ ಸುಗ್ಗಿಯಲ್ಲೂ, ಕಣದಿಂದ ರಾಗಿ ಮನೆಯೊಳಗೆ ಬರುವ ಮೊದಲು, ಒಂದು ಚೀಲ ಮಠಕ್ಕೆ ಹೋಗುತ್ತಿತ್ತು. ನಮ್ಮ ಮನೆಯಲ್ಲೇ ಕೊರತೆ ಇದ್ದ ವರ್ಷವೂ. ಅಮ್ಮ ಒಂದು ಸಲ ಗೊಣಗಿದ್ದಕ್ಕೆ, "ಅದು ನಮ್ದಲ್ಲ ಕಣೆ, ಅವರದ್ದು" ಅಂದಿದ್ದರು.

ಲಿನೇಯಸ್ ಕೂಡ ಉಂಡ ಅನ್ನವನ್ನು ಮರೆಯಲಿಲ್ಲ. ಮುಂದೆ ಒಂದು ಗಿಡದ ಕುಲಕ್ಕೆ 'ಸೆಲ್ಸಿಯ' ಎಂದು ಹೆಸರಿಟ್ಟ. ಓದುವಾಗ ಆಸರೆ ಕೊಟ್ಟು ಮಕ್ಕಳಿಗೆ ಪಾಠ ಹೇಳುವ ಕೆಲಸ ಕೊಟ್ಟ ಇನ್ನೊಬ್ಬ ಗುರು ರುಡ್‌ಬೆಕ್. ಅವರ ಮನೆತನದ ಹೆಸರಲ್ಲಿ 'ರುಡ್‌ಬೆಕಿಯ' ಆಯಿತು. ಹಳದಿ ಎಸಳು, ನಡುವೆ ಕಪ್ಪು ಗುಬುಟು ಇರುವ ಆ ಹೂವನ್ನು ನರ್ಸರಿಗಳಲ್ಲಿ ನೀವೂ ನೋಡಿರುತ್ತೀರಿ. ಅಪ್ಪನ ರಾಗಿ ಚೀಲ, ಲಿನೇಯಸ್ಸನ ಹೂವಿನ ಹೆಸರು, ನನ್ನ ಕಣ್ಣಿಗೆ ಎರಡೂ ಒಂದೇ.

ಥರ್ಮಾಮೀಟರಿನ ಸೆಲ್ಸಿಯಸ್ ಈ ಓಲೋಫ್ ಅಲ್ಲ, ಅವರ ಅಣ್ಣನ ಮಗ ಆಂಡರ್ಸ್. ಹುಟ್ಟಿದ್ದು, ಓದಿದ್ದು, ಖಗೋಳಶಾಸ್ತ್ರದ ಪ್ರಾಧ್ಯಾಪಕನಾದದ್ದು ಎಲ್ಲಾ ಉಪ್ಸಾಲದಲ್ಲೇ. 1736ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿಗೆ ಹೋಗಿ, ಭೂಮಿ ಧ್ರುವಗಳ ಕಡೆ ಚಪ್ಪಟೆಯಾಗಿದೆಯೇ ಎಂದು ಅಳೆದುಬಂದ ತಂಡದಲ್ಲಿ ಅವನಿದ್ದ. 1742ರಲ್ಲಿ ನೂರು ಡಿಗ್ರಿಯ ಅಳತೆ ಮುಂದಿಟ್ಟ. ಮಕ್ಕಳಿಗೆ ನಾನು ತಪ್ಪದೆ ಹೇಳುತ್ತಿದ್ದ ಸಂಗತಿ ಒಂದಿದೆ: ಅವನ ಅಳತೆಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಹೆಪ್ಪುಗಟ್ಟುವುದು ನೂರಕ್ಕೆ! ಈಗಿನ ಹಾಗೆ ತಲೆಕೆಳಗು ಮಾಡಿದ್ದು ಅವನು ತೀರಿಕೊಂಡ ಮೇಲೆ. ಕ್ಷಯದಿಂದ 1744ರಲ್ಲಿ ತೀರಿಹೋದಾಗ ಅವನಿಗೆ ಇನ್ನೂ 42. ನಮ್ಮ ಮನೆಗಳಲ್ಲಿ ಜ್ವರ ಇವತ್ತಿಗೂ ಫ್ಯಾರನ್‌ಹೀಟಿನಲ್ಲೇ, 'ನೂರಾ ಎರಡು ಇದೆ' ಅನ್ನುತ್ತೇವೆ. ಆದರೆ ಏಪ್ರಿಲ್ಲಿನಲ್ಲಿ ಪಾವಗಡದ ಬಿಸಿಲನ್ನು ಹೇಳುವಾಗ ಬಾಯಿಗೆ ಬರುವುದು ಸೆಲ್ಸಿಯಸ್ಸನ ಅಂಕಿ.

ಪಾವಗಡ ಅಂದಾಗ ಇನ್ನೊಂದು ಮನೆತನವನ್ನೂ ಹೇಳಬೇಕು. ಬೆಳಕಿನ ಅಲೆಯ ಉದ್ದವನ್ನು ಅಳೆಯುವ ಆಂಗ್‌ಸ್ಟ್ರಮ್ ಎಂಬ ಮಾನ ಪಿಯುಸಿ ಓದಿದವರಿಗೆಲ್ಲ ಗೊತ್ತು, ಒಂದು ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು. ಅದು ಉಪ್ಸಾಲದ ಆಂಡರ್ಸ್ ಆಂಗ್‌ಸ್ಟ್ರಮ್‌ನ ಹೆಸರು. ಸೂರ್ಯನಲ್ಲಿ ಹೈಡ್ರೋಜನ್ ಇದೆ ಎಂದು ಬೆಳಕಿನ ಗೆರೆಗಳಿಂದ ಕಂಡುಕೊಂಡವನು. ಅವನ ಮಗ ಕ್ನುಟ್ ಕೂಡ ಅಲ್ಲೇ ಓದಿ, ಬಿಸಿಲು ಎಷ್ಟು ಶಾಖ ಸುರಿಸುತ್ತದೆ ಎಂದು ನಿಖರವಾಗಿ ಅಳೆಯುವ ಉಪಕರಣ ಮಾಡಿದ. ಪಾವಗಡದ ತಿರುಮಣಿ ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳು ಮಲಗಿರುವುದನ್ನು ಮೊದಲ ಸಲ ಕಂಡಾಗ, ನೂರಿಪ್ಪತ್ತು ಮೂವತ್ತು ವರ್ಷದ ಹಿಂದೆ ಬಿಸಿಲೇ ಅಪರೂಪವಾದ ಊರಲ್ಲಿ ಕೂತು ಬಿಸಿಲನ್ನು ಅಳೆದ ಆ ಮನುಷ್ಯನನ್ನು ನೆನೆದಿದ್ದೆ.

ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ನನಗೆ ನೆನಪಾಗುವವನು ಸ್ವಾಂತೆ ಅರೇನಿಯಸ್. ಹುಟ್ಟಿದ್ದು 1859ರಲ್ಲಿ, ಉಪ್ಸಾಲದ ಹತ್ತಿರವೇ. ಉಪ್ಪನ್ನು ನೀರಿಗೆ ಹಾಕಿದರೆ ಅದು ವಿದ್ಯುತ್ತಿನ ಅಂಶವಿರುವ ಕಣಗಳಾಗಿ ಬಿಡಿಬಿಡಿಯಾಗುತ್ತದೆ, ಅದಕ್ಕೇ ಉಪ್ಪುನೀರಿನಲ್ಲಿ ಕರೆಂಟು ಹರಿಯುತ್ತದೆ ಎಂಬ ವಿಚಾರಕ್ಕೆ ತಳಪಾಯ ಹಾಕಿ 1884ರಲ್ಲಿ ಪ್ರಬಂಧ ಸಲ್ಲಿಸಿದ. ಪರೀಕ್ಷಕರಿಗೆ ಅದು ರುಚಿಸಲಿಲ್ಲ. ಅಲ್ಲಿ ಪಾಠ ಮಾಡುವ ಅವಕಾಶವೂ ಸಿಗದಷ್ಟು ಕಡಿಮೆ ದರ್ಜೆ ಕೊಟ್ಟರು. ಅವನು ಅದೇ ಪ್ರಬಂಧವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದ. ಆಸ್ಟ್‌ವಾಲ್ಡ್ ಎಂಬ ರಸಾಯನಶಾಸ್ತ್ರಜ್ಞ ಅದನ್ನೋದಿ, ಅವನನ್ನು ನೋಡಲೆಂದೇ ಉಪ್ಸಾಲದವರೆಗೆ ಬಂದು, ರೀಗಾದಲ್ಲಿ ತಮ್ಮಲ್ಲಿಗೆ ಕೆಲಸಕ್ಕೆ ಬಾ ಅಂದ. 1903ರಲ್ಲಿ ಅರೇನಿಯಸ್‌ಗೆ ನೊಬೆಲ್ ಬಂತು, ಸ್ವೀಡನ್ನಿಗೇ ಬಂದ ಮೊದಲ ನೊಬೆಲ್.

ಟಾರ್ಚಿನ ಬಲ್ಬು, ಎರಡು ಸೆಲ್ಲು, ಎರಡು ಮೊಳೆ, ಒಂದು ಲೋಟ ನೀರು. ಸಕ್ಕರೆ ಹಾಕಿದರೆ ಬಲ್ಬು ಸುಮ್ಮನೆ, ಉಪ್ಪು ಹಾಕುತ್ತಾ ಹೋದರೆ ಮಿಣಕ್ ಅನ್ನುತ್ತದೆ. ಈ ಪ್ರಯೋಗವನ್ನು ಪ್ರತಿ ವರ್ಷ ಮಾಡಿಸುತ್ತಿದ್ದೆ. ಒಂದು ವರ್ಷ ಹತ್ತನೇ ಕ್ಲಾಸಿನಲ್ಲಿ ಫೇಲಾದ ಹುಡುಗನೊಬ್ಬ ಮೂರು ದಿನ ಮನೆಯಿಂದ ಹೊರಗೆ ಬಂದಿರಲಿಲ್ಲ. ಅವನ ಮನೆಗೆ ಹೋಗಿ, ಅವನ ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಬೇರೆ ಏನೂ ಹೇಳಲು ತೋಚದೆ ಅರೇನಿಯಸ್ಸನ ಕತೆ ಹೇಳಿದೆ. ಅವನು ಗೋಡೆ ನೋಡುತ್ತಾ ಕೇಳಿಸಿಕೊಂಡ. ಪೂರಕ ಪರೀಕ್ಷೆಗೆ ಕೂತ, ಪಾಸಾದ. ಈಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಸಿಕ್ಕಿದಾಗಲೆಲ್ಲ "ಮಿಸ್, ಉಪ್ಪುನೀರು" ಅಂತ ನಗುತ್ತಾನೆ.

ಅದೇ ಅರೇನಿಯಸ್ 1896ರಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಅವನಿದ್ದ ಚಳಿನಾಡಿಗೆ ಸ್ವಲ್ಪ ಬಿಸಿಯಾದರೆ ಒಳ್ಳೆಯದೇ ಅಂತ ಅವನಿಗೆ ಅನಿಸಿತ್ತು. ನಮ್ಮ ಶಿರಾ, ಪಾವಗಡ, ಮಧುಗಿರಿಯವರಿಗೆ ಹಾಗೆ ಅನ್ನಿಸಲು ಸಾಧ್ಯವಿಲ್ಲ.

ಉಪ್ಸಾಲದ ಹೆಸರುಗಳ ಪಟ್ಟಿ ಇನ್ನೂ ಉದ್ದವಿದೆ. ಗರಗರ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಅತಿವೇಗದ ಸೆಂಟ್ರಿಫ್ಯೂಜ್ ಯಂತ್ರ ಮಾಡಿ 1926ರಲ್ಲಿ ನೊಬೆಲ್ ಪಡೆದ ಸ್ವೆಡ್‌ಬೆರಿ, ಅವನ ಕೈಕೆಳಗೆ ಕಲಿತು ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ 1948ರಲ್ಲಿ ನೊಬೆಲ್ ಪಡೆದ ಟಿಸೇಲಿಯಸ್. ವಿಶ್ವಸಂಸ್ಥೆಯ ಮುಖ್ಯಸ್ಥನಾಗಿದ್ದು, ಕಾಂಗೋ ಗಲಭೆ ಶಮನಗೊಳಿಸಲು ಹೋಗುತ್ತಾ 1961ರ ಸೆಪ್ಟೆಂಬರಿನಲ್ಲಿ ವಿಮಾನ ಬಿದ್ದು ಸತ್ತ ಡಾಗ್ ಹ್ಯಾಮರ್‌ಶೋಲ್ಡ್ ಕೂಡ ಅಲ್ಲಿಯವನೇ. ಅವನ ಸಮಾಧಿಯೂ ಉಪ್ಸಾಲದಲ್ಲಿದೆ.

ಆದರೆ ನಾನು ನಿಂತು ಮಾತಾಡಬೇಕಾದದ್ದು ಬೆಟ್ಟಿ ಪೆಟರ್ಸನ್ ಬಗ್ಗೆ. ಆಕೆ ಯಾವುದನ್ನೂ ಕಂಡುಹಿಡಿಯಲಿಲ್ಲ. 1872ರಲ್ಲಿ ಉಪ್ಸಾಲಕ್ಕೆ ಸೇರಿದ ಮೊದಲ ಹೆಣ್ಣು ವಿದ್ಯಾರ್ಥಿ, ಅಷ್ಟೇ. ಇಡೀ ಸ್ವೀಡನ್ನಿಗೇ ಮೊದಲು. ಅದಕ್ಕಿಂತ ಮುಂಚೆ ಬೇರೆಯವರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕುತ್ತಿದ್ದವಳು. ಸೇರುವಾಗ ವಯಸ್ಸು ಮೂವತ್ತು ದಾಟಿತ್ತು. 1875ರಲ್ಲಿ ಪದವಿ ಪಡೆದು ಸ್ಟಾಕ್‌ಹೋಮಿನಲ್ಲಿ ಗಂಡುಹುಡುಗರ ಶಾಲೆಗೆ ಟೀಚರಾದಳು. ಹತ್ತು ವರ್ಷದಲ್ಲಿ ತೀರಿಕೊಂಡಳು. ಆ ವಿಶ್ವವಿದ್ಯಾಲಯ ನಡೆದು ಸುಮಾರು ನಾಲ್ಕು ನೂರು ವರ್ಷವಾದ ಮೇಲೆ ಒಳಗೆ ಬಂದ ಮೊದಲ ಹೆಣ್ಣುಮಗಳು!

ನಾನು ಬಿಎಸ್ಸಿ ಸೇರುತ್ತೇನೆ ಅಂದಾಗ ನಮ್ಮ ದೊಡ್ಡಪ್ಪ ಜಗಲಿಯ ಮೇಲೆ ಕೂತು, "ಹುಡುಗೀನ ತುಮಕೂರಿಗೆ ಕಳಿಸಿ ಏನ್ ಮಾಡ್ತೀಯ, ಇವಳು ಗಿಡ ಕೊಯ್ದು ಯಾರಿಗೆ ತೋರಿಸಬೇಕು?" ಅಂತ ಅಪ್ಪನ ಜೊತೆ ವಾದಿಸಿದರು. ಅಪ್ಪ ಏನೂ ಹೇಳಲಿಲ್ಲ. ಮಾರನೇ ಬೆಳಿಗ್ಗೆ ನನ್ನ ಟ್ರಂಕನ್ನು ಸೈಕಲ್ಲಿಗೆ ಕಟ್ಟಿ ಬಸ್‌ಸ್ಟಾಪಿನವರೆಗೆ ತಳ್ಳಿಕೊಂಡು ಬಂದರು. ಬಾಟನಿ ಕ್ಲಾಸಿನಲ್ಲಿ ನಾವು ನಾಲ್ಕೇ ಹುಡುಗಿಯರು. ಬೆಟ್ಟಿ ತನ್ನ ಮೊದಲ ದಿನ ಆ ಕಲ್ಲಿನ ಕಟ್ಟಡದೊಳಗೆ ಒಬ್ಬಳೇ ಕಾಲಿಟ್ಟಾಗ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ನನಗೆ ಗೊತ್ತು.

ಮತ್ತೆ ಲಿನೇಯಸ್ ಹತ್ತಿರ ಬರುತ್ತೇನೆ, ಹೇಳಲೇಬೇಕಾದ ಕರಿಬೇವಿನ ಕತೆ ಉಳಿದಿದೆ.

1741ರಲ್ಲಿ ಅವನು ಉಪ್ಸಾಲದಲ್ಲೇ ಪ್ರಾಧ್ಯಾಪಕನಾದ. 1753ರಲ್ಲಿ ಬಂದ ಅವನ ಗ್ರಂಥದಲ್ಲಿ ಸುಮಾರು 6,000 ಬಗೆಯ ಗಿಡಗಳಿಗೆ ಎರಡೆರಡು ಪದದ ಹೆಸರು. ನಮ್ಮ ದೇಶಕ್ಕೆ ಕಾಲಿಡದೆಯೇ ನಮ್ಮ ಗಿಡಗಳಿಗೆ ಹೇಗೆ ಹೆಸರಿಟ್ಟ? ಡಚ್ಚರು ಮಲಬಾರಿನಲ್ಲಿ ಮಾಡಿಸಿದ ಹನ್ನೆರಡು ಸಂಪುಟಗಳ ಪುಸ್ತಕ ಅವನ ಮುಂದಿತ್ತು. ಅದರಲ್ಲಿರುವ ತಿಳಿವಳಿಕೆ ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯರು ಮತ್ತು ಅವರಂಥ ಇನ್ನೂ ಕೆಲವರದು. ಸಿಂಹಳದಿಂದ ಹೋದ ಒಣಗಿಸಿದ ಗಿಡಗಳ ಸಂಗ್ರಹವನ್ನೂ ಅವನು ನೋಡಿದ್ದ. ನಾವು ದಿನಾ ಉಣ್ಣುವ ರಾಗಿಯ ಹೆಸರು ಎಲ್ಯೂಸಿನ್ ಕೊರಕಾನ. ಆ 'ಕೊರಕಾನ' ಬಂದಿರುವುದು ರಾಗಿಗೆ ಸಿಂಹಳೀಯರು ಹೇಳುವ 'ಕುರಕ್ಕನ್' ಅನ್ನುವ ಮಾತಿನಿಂದ. ಲ್ಯಾಟಿನ್ನಿನ ಒಳಗೆ ನಮ್ಮ ಕಡೆಯ ರೈತರ ದನಿ ಹೀಗೆ ಅಡಗಿ ಕೂತಿರುತ್ತದೆ. ಬೋರ್ಡಿನಲ್ಲಿ ಕನ್ನಡದ ಹೆಸರು ಮೇಲೆ, ದೊಡ್ಡದಾಗಿ ಇರಲಿ ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಗಿಡವನ್ನು ಮೊದಲು ಬಲ್ಲವರು ನಮ್ಮ ಅಜ್ಜಿಯರು.

ಇನ್ನೊಂದು ದಾರಿ, ಶಿಷ್ಯರು. ಲಿನೇಯಸ್ ತನ್ನ ಹುಡುಗರನ್ನು ಲೋಕದ ಮೂಲೆಮೂಲೆಗೆ ಗಿಡ ತರಲು ಕಳಿಸಿದ. ಸೊಲಾಂಡರ್ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಭೂಮಿ ಸುತ್ತಿಬಂದ. ತುನ್‌ಬರಿ ಜಪಾನಿನವರೆಗೆ ಹೋಗಿ ಬದುಕಿ ಬಂದು, ಗುರುವಿನ ಪೀಠದಲ್ಲೇ ಕೂತ. ಬಾರದೇ ಹೋದವರೂ ಇದ್ದಾರೆ. ಮೊದಲು ಹೊರಟ ಟರ್ನ್‌ಸ್ಟ್ರಮ್ ಚೀನಾದ ದಾರಿಯಲ್ಲೇ ಸತ್ತ. ಅವನ ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು, ನೀನೇ ನನ್ನ ಗಂಡನನ್ನು ಕಳಿಸಿದವನು ಅಂತ ಲಿನೇಯಸ್ಸನನ್ನು ದೂರಿದಳು. ಅಲ್ಲಿಂದ ಮುಂದೆ ಮದುವೆಯಾಗದ ಹುಡುಗರನ್ನೇ ಕಳಿಸಿದ. ಆದರೂ ಹಾಸೆಲ್‌ಕ್ವಿಸ್ಟ್ ಈಗಿನ ಟರ್ಕಿಯ ಸ್ಮಿರ್ನಾದ ಬಳಿ, ಲೋಫ್ಲಿಂಗ್ ವೆನೆಜುವೆಲದಲ್ಲಿ, ಫೋರ್ಸ್‌ಕೋಲ್ ಯೆಮನ್ನಿನಲ್ಲಿ, ಎಲ್ಲರೂ ಎಳೆವಯಸ್ಸಿನವರು, ಒಬ್ಬೊಬ್ಬರಾಗಿ ತೀರಿಹೋದರು. ಒಮ್ಮೆ ಕೊರಟಗೆರೆ ಹತ್ತಿರದ ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆ ತೋರಿಸಲು ಕರೆದುಕೊಂಡು ಹೋದಾಗ ಒಬ್ಬ ಹುಡುಗ ಒಂದು ಗಂಟೆ ಕಾಣೆಯಾಗಿದ್ದ. ಬಂಡೆಯ ಹಿಂದೆ ಸೊಪ್ಪು ಕೀಳುತ್ತಾ ಕೂತಿದ್ದ ಅಷ್ಟೇ. ಆ ಒಂದು ಗಂಟೆ ನನ್ನ ಕೈಕಾಲು ತಣ್ಣಗಾಗಿದ್ದು ಇವತ್ತಿಗೂ ಮರೆತಿಲ್ಲ. ಆ ಗುರುವಿಗೆ ಒಂದೊಂದು ಕಾಗದ ಬಂದಾಗಲೂ ಏನಾಗಿರಬಹುದು?

ನಮ್ಮ ಕಡೆಗೆ ಬಂದವನು ಯೋಹಾನ್ ಕೋನಿಗ್. ಈಗಿನ ಲಾಟ್ವಿಯಾ ಕಡೆ ಹುಟ್ಟಿದವನು, ಉಪ್ಸಾಲದಲ್ಲಿ ಲಿನೇಯಸ್ ಬಳಿ ಕಲಿತ ವೈದ್ಯ. 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ. ಡೇನರ ಮಿಷನ್ನಿನಲ್ಲಿ ವೈದ್ಯಕೀಯ ಮಾಡುತ್ತಾ, ಆರ್ಕಾಟಿನ ನವಾಬರ ಬಳಿ ಕೆಲಸ ಮಾಡುತ್ತಾ, ಗಿಡ ಹುಡುಕುತ್ತಾ ತಿರುಗಿದ. ತಾನು ಕಂಡ ಗಿಡಗಳನ್ನು ಗುರುವಿಗೆ ಕಳಿಸಿದ. ಲಿನೇಯಸ್ 1771ರಲ್ಲಿ ನಮ್ಮ ಕರಿಬೇವಿಗೆ ಅವನ ಹೆಸರನ್ನೇ ಇಟ್ಟ. ಈಗ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಮುರ್ರಾಯ ಕೋನಿಗಿ. ಮೊದಲ ಪದ ಮುರ್ರೆ ಎಂಬವನದು. ಅವನೂ ಉಪ್ಸಾಲದಲ್ಲಿ ಲಿನೇಯಸ್ ಕೈಯಲ್ಲೇ ಓದಿದವನು! ಒಬ್ಬ ಗುರುವಿನ ಇಬ್ಬರು ಶಿಷ್ಯರು ಒಂದೇ ಎಲೆಯಲ್ಲಿ. (ಲಿನೇಯಸ್ ಮೊದಲು ಕೊಟ್ಟಿದ್ದ ಬರ್ಗೆರ ಎಂಬ ಕುಲನಾಮಕ್ಕೇ ಇದನ್ನು ಹಿಂದಿರುಗಿಸಬೇಕೆಂದು ಈಗಿನ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಹಾಗಾದರೂ ಕೋನಿಗ್ ಉಳಿಯುತ್ತಾನೆ.)

ಮಕ್ಕಳಿಗೆ ಇದನ್ನು ಹೇಳುವಾಗ ಕರಿಬೇವಿನ ತಗಡು ನನ್ನ ಮಡಿಲಲ್ಲಿತ್ತು. ಎರಡು ಜಡೆಯ ಹುಡುಗಿ ಕೇಳಿದಳು, "ಆ ಡಾಕ್ಟ್ರು ವಾಪಸ್ ಅವರ ಊರಿಗೆ ಹೋದ್ರಾ ಮಿಸ್?"

"ಇಲ್ಲ ಕಣಮ್ಮ. 1785ರಲ್ಲಿ ಕಾಕಿನಾಡದ ಹತ್ತಿರ ತೀರಿಕೊಂಡ."

"ಒಬ್ರೇನಾ?"

"ಇಲ್ಲ, ರಾಕ್ಸ್‌ಬರೋ ಅಂತ ಇನ್ನೊಬ್ಬ ಡಾಕ್ಟ್ರು ಜೊತೇಲಿದ್ದ. ಅವನೂ ಗಿಡ ಹುಡುಕೋನು." ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ತಗಡಿನಲ್ಲಿ ಕೋನಿಗಿ ಬರೆದು ಮುಗಿಸುವಷ್ಟರಲ್ಲಿ ಅಡುಗೆಕೋಣೆಯಿಂದ ಬಿಸಿಯೂಟದ ಅಕ್ಕ ಬಂದರು. ಕೈಯಲ್ಲಿ ಸೌಟು. "ಸ್ವಲ್ಪ ಜರುಗಿ ಮೇಡಂ, ಸಾರಿಗೆ ಒಗ್ಗರಣೆ ಹಾಕ್ಬೇಕು" ಅಂತ ಗಿಡದಿಂದ ಎರಡು ಎಸಳು ಮುರಿದುಕೊಂಡರು. ಹುಡುಗಿ ಬಿಳಿ ಪೇಂಟಿನ ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡು, ಕಂಸದೊಳಗಿನ ಎಲ್ ಪಕ್ಕ ನಾನು ಮರೆತಿದ್ದ ಚುಕ್ಕಿಯನ್ನು ಇಟ್ಟಳು.